ಶಿವಾಲಿಕದ ದವಡೆ, ಮೊಲದ ರಕ್ತ

ಜೀವವಿಕಾಸದ ಪಾಠ ಮಾಡುವ ಮೇಷ್ಟ್ರಿಗೆ ತರಗತಿಯಲ್ಲಿ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: ಮಂಗನಿಂದ ಮಾನವ ಆದ ಅನ್ನುವುದಾದರೆ ಈಗಿರುವ ಮಂಗಗಳೇಕೆ ಮನುಷ್ಯರಾಗುತ್ತಿಲ್ಲ? ಹಿಂದಿನ ಬೆಂಚಿನ ಹುಡುಗ ಕೇಳಿದರೆ ನಕ್ಕು ವಿವರಿಸಬಹುದು. 2018ರ ಜನವರಿಯಲ್ಲಿ ಇದೇ ಧಾಟಿಯ ಮಾತನ್ನು ಆಡಿದವರು ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವ ಸತ್ಯಪಾಲ್ ಸಿಂಗ್. ಮಂಗ ಮನುಷ್ಯನಾಗಿದ್ದನ್ನು ನಮ್ಮ ಹಿರಿಯರು ಯಾರೂ ಕಂಡಿಲ್ಲ, ಬರೆದಿಟ್ಟಿಲ್ಲ, ಆದ್ದರಿಂದ ಡಾರ್ವಿನ್ ಹೇಳಿದ್ದು ತಪ್ಪು ಎಂಬುದು ಅವರ ವಾದ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಅವುಗಳಲ್ಲೊಂದು. ಐದು ವರ್ಷ ಕಳೆಯುವಷ್ಟರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವೇ ಕಾಣೆಯಾಯಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು.

ಪ್ರಶ್ನೆಯಲ್ಲೇ ಎಡವಟ್ಟಿದೆ. ಇಂದು ಬದುಕಿರುವ ಯಾವ ಮಂಗವೂ, ಯಾವ ಚಿಂಪಾಂಜಿಯೂ ನಮ್ಮ ಪೂರ್ವಜ ಅಲ್ಲ. ದೊಡ್ಡಪ್ಪನ ಮಗನಿಗೂ ನಮಗೂ ಅಜ್ಜ ಒಬ್ಬನೇ ಹೊರತು ನಾವು ದೊಡ್ಡಪ್ಪನ ಮಗನಿಗೆ ಹುಟ್ಟಿದವರಲ್ಲ. ಅವನು ಮುಂದೊಂದು ದಿನ ನಾವಾಗುತ್ತಾನೆ ಎಂದು ಯಾರೂ ಕಾದು ಕೂರುವುದೂ ಇಲ್ಲ. ಮನುಷ್ಯನಿಗೂ ಚಿಂಪಾಂಜಿಗೂ ಸೇರಿದ ಆ ಪೂರ್ವಜ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿ ಬದುಕಿತ್ತು. ನಮ್ಮೂರ ಹಂಚಿನ ಮಾಡಿನ ಮೇಲೆ ಕುಣಿಯುವ ಕೋತಿ ಇದಕ್ಕಿಂತ ಬಹಳ ದೂರದ ಸಂಬಂಧ. ಅದರ ಕವಲು ಬೇರೆಯಾಗಿ ಎರಡೂವರೆಯಿಂದ ಮೂರು ಕೋಟಿ ವರ್ಷಗಳೇ ಆಗಿವೆ.

ಹತ್ತಿರದ ಬಳಗವೆಂದರೆ ಬಾಲವಿಲ್ಲದ ವಾನರಗಳದ್ದು. ಆಫ್ರಿಕದಲ್ಲಿ ಚಿಂಪಾಂಜಿ, ಬೊನೊಬೊ, ಗೊರಿಲ್ಲಾ. ಏಷ್ಯಾದಲ್ಲಿ ಒರಾಂಗುಟಾನ್ ಮತ್ತು ಗಿಬ್ಬನ್‌ಗಳು. ಭಾರತದ ಕಾಡಿನಲ್ಲಿ ಸಹಜವಾಗಿ ಬದುಕಿರುವ ವಾನರವೆಂದರೆ ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ. ಪಶ್ಚಿಮ ಘಟ್ಟದ ಸಿಂಗಳೀಕ, ಮುಸುವ, ಕೋತಿ ಎಲ್ಲವೂ ಬಾಲವಿರುವ ಮಂಗಗಳೇ, ಕಾಡುಪಾಪ ಇನ್ನೂ ಹಿಂದೆ ಒಡೆದ ಕವಲು. ಗೊರಿಲ್ಲಾವನ್ನು ಕಣ್ಣಾರೆ ನೋಡುವ ಆಸೆಯಿದ್ದ ಕನ್ನಡಿಗರಿಗೆ ಮೈಸೂರಿನ ಮೃಗಾಲಯವೇ ಗತಿ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಅಲ್ಲಿಗೆ ಬಂದಿಳಿದವು.

ಅವುಗಳ ಕೈಬೆರಳು, ಕಿವಿ, ಬೇಸರದಿಂದ ಗಲ್ಲಕ್ಕೆ ಕೈಕೊಟ್ಟು ಕೂರುವ ಭಂಗಿ ಕಂಡವರಿಗೆ ಸಂಬಂಧ ಸಾಬೀತು ಮಾಡಲು ಬೇರೆ ಸಾಕ್ಷಿ ಬೇಕೆನಿಸುವುದಿಲ್ಲ. ಆದರೆ ಈ ವಿಜ್ಞಾನದ ಮುನ್ನೂರು ವರ್ಷಗಳ ಚರಿತ್ರೆಯನ್ನು ತಿರುವಿಹಾಕಿದರೆ ಕಾಣುವುದು ಬೇರೆಯೇ. ಮುಖ ನೋಡಿ ಸಂಬಂಧ ಹೇಳಲು ಹೋದವರು ಮತ್ತೆ ಮತ್ತೆ ಮುಗ್ಗರಿಸಿದ್ದಾರೆ, ಅದೂ ಸಾಮಾನ್ಯರಲ್ಲ, ಘಟಾನುಘಟಿಗಳು.

ಮೊದಲ ಹೋಲಿಕೆಯ ಪಟ್ಟಿ ಮಾಡಿದವನು ಲಂಡನ್ನಿನ ವೈದ್ಯ ಎಡ್ವರ್ಡ್ ಟೈಸನ್. ಅಂಗೋಲಾದಿಂದ ಹಡಗಿನಲ್ಲಿ ಬಂದು 1698ರಲ್ಲಿ ಸತ್ತ ಮರಿ ಚಿಂಪಾಂಜಿಯೊಂದನ್ನು ಅವನು ಸೀಳಿ, ಅಂಗಾಂಗ ಅಳೆದು, ಮರುವರ್ಷ ಪುಸ್ತಕ ಪ್ರಕಟಿಸಿದ. ಮನುಷ್ಯನನ್ನು ಹೋಲುವ ಅಂಶಗಳು 48, ಮಂಗನನ್ನು ಹೋಲುವಂಥವು 34 ಎಂದು ಅವನ ಲೆಕ್ಕ ಬಂತು. ಅದರ ಅರ್ಥವೇನೆಂದು ಹೇಳುವ ಗೋಜಿಗೆ ಅವನು ಹೋಗಲಿಲ್ಲ. ಸೃಷ್ಟಿಯ ಮೆಟ್ಟಿಲುಸಾಲಿನಲ್ಲಿ ಇದೊಂದು ನಡುವಿನ ಮೆಟ್ಟಿಲು ಎಂದುಕೊಂಡು ಸುಮ್ಮನಾದ. ಸ್ವೀಡನ್ನಿನ ಲಿನೇಯಸ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟು 1758ರಲ್ಲಿ ಮನುಷ್ಯನನ್ನೂ ಮಂಗಗಳನ್ನೂ ಪ್ರೈಮೇಟ್ ಎಂಬ ಒಂದೇ ಗಣಕ್ಕೆ ಸೇರಿಸಿದ. ಮನುಷ್ಯನಿಗೂ ವಾನರಕ್ಕೂ ಜಾತಿ ಬೇರೆ ಮಾಡುವಂಥ ಒಂದೇ ಒಂದು ದೇಹಲಕ್ಷಣ ಇದ್ದರೆ ತೋರಿಸಿ ಎಂದು ಅದಕ್ಕೂ ಮೊದಲೇ, 1747ರಲ್ಲಿ, ಅವನು ಗೆಳೆಯನೊಬ್ಬನಿಗೆ ಕಾಗದ ಬರೆದು ಸವಾಲು ಹಾಕಿದ್ದ.

ಡಾರ್ವಿನ್ನನ ಕಥೆಗೆ ಲಂಡನ್ ಮೃಗಾಲಯದ ಜೆನ್ನಿ ಎಂಬ ಒರಾಂಗುಟಾನ್ ಇಲ್ಲದೆ ಕಳೆಯಿಲ್ಲ. 1838ರ ಮಾರ್ಚಿನಲ್ಲಿ ಅವನು ಅವಳನ್ನು ನೋಡಲು ಹೋದಾಗ ಕಾವಲುಗಾರ ಸೇಬು ತೋರಿಸಿ ಕೊಡದೆ ಸತಾಯಿಸಿದ. ಜೆನ್ನಿ ಅಂಗಾತ ಬಿದ್ದು, ಕಾಲು ಬಡಿದು, ರಚ್ಚೆ ಹಿಡಿದ ಮಗುವಿನಂತೆಯೇ ಅತ್ತಳು. ಅಳು ನಿಲ್ಲಿಸಿದರೆ ಕೊಡುತ್ತೇನೆಂದ ಮೇಲೆ ಕಷ್ಟಪಟ್ಟು ಅಳು ನುಂಗಿದಳು, ಸೇಬು ಪಡೆದು ಕುರ್ಚಿಗೆ ಹಾರಿ ತಿನ್ನತೊಡಗಿದಳು. ಇದನ್ನು ಅವನು ಅಕ್ಕನಿಗೆ ಪತ್ರದಲ್ಲಿ ವಿವರಿಸಿದ್ದಾನೆ. ಇಷ್ಟೆಲ್ಲ ಕಂಡವನು 1859ರ ತನ್ನ ಮಹಾಗ್ರಂಥದಲ್ಲಿ ಮನುಷ್ಯನ ಹುಟ್ಟಿನ ಬಗ್ಗೆ ಒಂದೇ ವಾಕ್ಯ ಬರೆದು ಕೈತೊಳೆದುಕೊಂಡ. ಅವನ ಪರವಾಗಿ ಕಚ್ಚೆ ಕಟ್ಟಿ ಕಣಕ್ಕಿಳಿದವನು ಥಾಮಸ್ ಹಕ್ಸ್‌ಲಿ. 1863ರಲ್ಲಿ ಅವನು ಅಸ್ಥಿಪಂಜರಗಳನ್ನು ಸಾಲಾಗಿ ನಿಲ್ಲಿಸಿ ಮನುಷ್ಯನ ಸ್ಥಾನ ವಾನರಗಳ ಪಕ್ಕದಲ್ಲೇ ಎಂದು ತೋರಿಸಿದ. 1871ರಲ್ಲಿ ಡಾರ್ವಿನ್ ಕೊನೆಗೂ ಬಾಯಿಬಿಟ್ಟು, ಗೊರಿಲ್ಲಾ-ಚಿಂಪಾಂಜಿಗಳಿರುವ ಆಫ್ರಿಕದಲ್ಲೇ ನಮ್ಮ ಪೂರ್ವಜರೂ ಇದ್ದಿರಬಹುದೆಂದ. ಒಂದೂ ಆಫ್ರಿಕನ್ ಪಳೆಯುಳಿಕೆ ಕೈಯಲ್ಲಿಲ್ಲದ ಕಾಲದಲ್ಲಿ ಆಡಿದ ಆ ಮಾತು ಅಕ್ಷರಶಃ ನಿಜವಾಯಿತು.

ಆದರೆ ನಿಜವಾಗಲು ಕಾಲ ಹಿಡಿಯಿತು. ದೊಡ್ಡ ಮಿದುಳು ಮೊದಲು, ಉಳಿದದ್ದು ಆಮೇಲೆ ಎಂದು ಯುರೋಪಿನ ಪಂಡಿತರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಅದಕ್ಕೆ ತಕ್ಕಂತೆಯೇ ದೊಡ್ಡ ಬುರುಡೆ, ವಾನರ ದವಡೆಯ ‘ಆದಿಮಾನವ’ ಸಿಕ್ಕಿದ. ಮನುಷ್ಯನ ಬುರುಡೆಗೆ ಒರಾಂಗುಟಾನ್ ದವಡೆ ಜೋಡಿಸಿ, ಹಲ್ಲು ಅರದಿಂದ ಉಜ್ಜಿ, ಬಣ್ಣ ಹಚ್ಚಿ ಹೂತಿಟ್ಟ ಮೋಸ ಅದು ಎಂದು ಬಯಲಾಗಲು 1953 ಬರಬೇಕಾಯಿತು. ಈ ನಡುವೆ, 1924ರ ಕೊನೆಗೆ, ದಕ್ಷಿಣ ಆಫ್ರಿಕದ ಟೌಂಗ್ ಎಂಬಲ್ಲಿನ ಸುಣ್ಣಕಲ್ಲಿನ ಗಣಿಯಿಂದ ರೇಮಂಡ್ ಡಾರ್ಟ್ ಎಂಬ ಅಂಗರಚನಾ ಪ್ರಾಧ್ಯಾಪಕನ ಮನೆಗೆ ಪೆಟ್ಟಿಗೆಗಳು ಬಂದವು. ಕಲ್ಲಿನೊಳಗೆ ಹುದುಗಿದ್ದ ಮಗುವಿನ ಮುಖವನ್ನು ಅವನು ವಾರಗಟ್ಟಲೆ ಕೆರೆದು ಬಿಡಿಸಿದ. ಹೆಂಡತಿಯ ಹೆಣಿಗೆ ಕಡ್ಡಿಯೂ ಆ ಕೆಲಸಕ್ಕೆ ಒದಗಿತೆನ್ನುತ್ತಾರೆ. ಮಿದುಳು ವಾನರದಷ್ಟೇ ಸಣ್ಣದು. ಆದರೆ ಬೆನ್ನುಹುರಿ ಹೊರಬರುವ ತೂತು ಬುರುಡೆಯ ಹಿಂಬದಿಯಲ್ಲಿಲ್ಲ, ತಳದಲ್ಲಿ ಮುಂದಕ್ಕೆ ಸರಿದಿದೆ. ಅಂದರೆ ತಲೆ ನೆಟ್ಟಗಿನ ಬೆನ್ನಿನ ಮೇಲೆ ಕೂತಿತ್ತು, ಮಗು ಎರಡು ಕಾಲಿನಲ್ಲಿ ನಡೆಯುತ್ತಿತ್ತು. ಲಂಡನ್ನಿನ ಹಿರಿಯರು ಮೂಗು ಮುರಿದರು. ನಕಲಿ ಪಿಲ್ಟ್‌ಡೌನ್‌ಗೆ ನಲವತ್ತು ವರ್ಷ ಗೌರವ, ಅಸಲಿ ಟೌಂಗ್‌ಗೆ ಇಪ್ಪತ್ತು ವರ್ಷ ಅನುಮಾನ.

ಇನ್ನೊಂದು ಪ್ರಸಂಗ ಭಾರತದ್ದು. ಅದರಲ್ಲಿ ಯಾರೂ ಮೋಸ ಮಾಡಿರಲಿಲ್ಲ, ಆದ್ದರಿಂದ ಪಾಠ ಇನ್ನೂ ದೊಡ್ಡದು.

ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯಲ್ಲಿ ಹರಿತಾಲ್ಯಂಗಾರ್ ಎಂಬ ಊರಿದೆ. ಅದರ ಸುತ್ತಿನ ಶಿವಾಲಿಕ ಗುಡ್ಡಗಳು ಹಿಮಾಲಯದಿಂದ ನದಿಗಳು ಹೊತ್ತು ತಂದ ಮಣ್ಣು-ಮರಳಿನವು, ಪಳೆಯುಳಿಕೆಗಳ ಕಣಜ. 1932ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಎಡ್ವರ್ಡ್ ಲೂಯಿಸ್‌ಗೆ ಅಲ್ಲಿ ಮೇಲ್ದವಡೆಯ ಒಂದು ತುಂಡು ಸಿಕ್ಕಿತು. ಶಿವಾಲಿಕದ ವಾನರಗಳಿಗೆ ದೇವಾನುದೇವತೆಗಳ ಹೆಸರಿಡುವ ಚಾಳಿ ಆಗಲೇ ಶುರುವಾಗಿತ್ತು. ಶಿವಾಪಿಥೆಕಸ್ ಇತ್ತು, ಲೂಯಿಸ್ ತನ್ನ ದವಡೆಗೆ ರಾಮಾಪಿಥೆಕಸ್ ಎಂದ, ಇತರ ತುಂಡುಗಳಿಗೆ ಸುಗ್ರೀವಾಪಿಥೆಕಸ್, ಬ್ರಹ್ಮಾಪಿಥೆಕಸ್ ಎಂದ. ರಾಮನ ದವಡೆ ಮೊಟಕು, ಕೋರೆಹಲ್ಲು ಸಣ್ಣದು, ದವಡೆಯ ಕಮಾನು ಮನುಷ್ಯರದ್ದರಂತೆ ದುಂಡಗೆ ಎಂಬುದು ಅವನ ಓದು. ಹಿರಿಯರೊಬ್ಬರು ಗದರಿಸಿದ ಮೇಲೆ ಮಾತು ಅಲ್ಲಿಗೇ ನಿಂತಿತು, ಮೂಳೆ ಯೇಲ್‌ನ ಬೀರು ಸೇರಿತು.

1960ರ ದಶಕದಲ್ಲಿ ಅದನ್ನು ಬೀರುವಿನಿಂದ ಹೊರತೆಗೆದವರು ಎಲ್ವಿನ್ ಸೈಮನ್ಸ್ ಮತ್ತು ಅವರ ಶಿಷ್ಯ ಡೇವಿಡ್ ಪಿಲ್ಬೀಮ್. ನೋಡನೋಡುತ್ತ ರಾಮಾಪಿಥೆಕಸ್ ಮನುಷ್ಯವಂಶದ ಮೂಲಪುರುಷನಾಗಿಬಿಟ್ಟ. ಸುಮಾರು 1.4 ಕೋಟಿ ವರ್ಷ ಹಳಬ, ವಾನರಗಳಿಂದ ಆಗಲೇ ಬೇರೆಯಾದವ, ಪ್ರಾಯಶಃ ಎರಡು ಕಾಲಿನಲ್ಲಿ ನಡೆಯುತ್ತಿದ್ದವ ಎಂದು ಪಠ್ಯಪುಸ್ತಕಗಳು ಚಿತ್ರ ಸಮೇತ ಬರೆದವು. ಭಾರತದ ಒಂದು ತಲೆಮಾರಿನ ವಿದ್ಯಾರ್ಥಿಗಳು ಅದನ್ನೇ ಕಂಠಪಾಠ ಮಾಡಿದರು. ಕಾಲಿನ ಒಂದು ಮೂಳೆಯೂ ಸಿಕ್ಕಿರಲಿಲ್ಲ ಎಂಬುದು ಚಿತ್ರ ಬರೆದವರಿಗೆ ಅಡ್ಡಿಯಾಗಲಿಲ್ಲ. ದವಡೆಯದ್ದೂ ಅಷ್ಟೇ: ಎಡಬಲ ಸೇರುವ ನಡುಭಾಗ ಸಿಕ್ಕಿರಲಿಲ್ಲವಾದ್ದರಿಂದ ಕಮಾನನ್ನು ಎಷ್ಟು ಅಗಲ ಬೇಕಾದರೂ ಜೋಡಿಸಬಹುದಿತ್ತು.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೂಳೆಯನ್ನು ಮುಟ್ಟದ ಇಬ್ಬರು ಬೇರೆ ದಾರಿ ಹಿಡಿದಿದ್ದರು. ವಿನ್ಸೆಂಟ್ ಸಾರಿಚ್ ಮತ್ತು ಆಲನ್ ವಿಲ್ಸನ್ ಅವರ ಸಾಕ್ಷಿ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು. ಮನುಷ್ಯನ ಆಲ್ಬುಮಿನ್ ಅನ್ನು ಮೊಲಕ್ಕೆ ಚುಚ್ಚಿದರೆ ಮೊಲದ ಮೈ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಆ ಪ್ರತಿಕಾಯವನ್ನು ಚಿಂಪಾಂಜಿಯ, ಗೊರಿಲ್ಲಾದ, ಕೋತಿಯ ಆಲ್ಬುಮಿನ್ ಜೊತೆ ಬೆರೆಸಿ ಎಷ್ಟು ಬಲವಾಗಿ ಹಿಡಿಯುತ್ತದೆಂದು ಅಳೆಯುವುದು. ಹಿಡಿತ ಬಿಗಿಯಾದಷ್ಟೂ ಪ್ರೋಟೀನುಗಳಲ್ಲಿ ವ್ಯತ್ಯಾಸ ಕಡಿಮೆ. ಇಂಥ ಬದಲಾವಣೆಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸೇರುತ್ತ ಹೋಗುತ್ತವೆ ಎಂಬುದು ಅವರ ಎಣಿಕೆ. ಮಂಗಗಳ ಕವಲು 3 ಕೋಟಿ ವರ್ಷಗಳ ಹಿಂದೆ ಒಡೆಯಿತೆಂದು ಹಿಡಿದು ಗಡಿಯಾರ ತಿರುಗಿಸಿದರು. 1967ರಲ್ಲಿ ಬಂದ ಉತ್ತರ: ಮನುಷ್ಯ ಮತ್ತು ಆಫ್ರಿಕದ ವಾನರಗಳು ಬೇರೆಯಾಗಿ ಸುಮಾರು 50 ಲಕ್ಷ ವರ್ಷ, ಅಷ್ಟೇ.

ಹಾಗಾದರೆ 1.4 ಕೋಟಿ ವರ್ಷದ ರಾಮಾಪಿಥೆಕಸ್ ಮನುಷ್ಯವಂಶದ್ದಾಗಲು ಸಾಧ್ಯವೇ ಇಲ್ಲ. ಸಾರಿಚ್ ಮೃದುವಾಗಿ ಹೇಳುವ ಜಾಯಮಾನದವರಲ್ಲ. 80 ಲಕ್ಷ ವರ್ಷಕ್ಕಿಂತ ಹಳೆಯ ಮೂಳೆ ನೋಡಲು ಹೇಗೇ ಇರಲಿ, ಅದನ್ನು ಮನುಷ್ಯನ ಸಾಲಿಗೆ ಸೇರಿಸುವಂತಿಲ್ಲ ಎಂದುಬಿಟ್ಟರು. ಮೂಳೆಯವರಿಗೆ ಮೈಯೆಲ್ಲ ಉರಿಯಿತು. ಮಣ್ಣು ಅಗೆಯದವರು, ಮೊಲದ ರಕ್ತ ನಂಬಿದವರು ನಮಗೆ ಪಾಠ ಹೇಳುವುದೇ? ಹತ್ತು ವರ್ಷಕ್ಕೂ ಮೀರಿ ಈ ಜಟಾಪಟಿ ನಡೆಯಿತು.

ಕೊನೆಗೆ ತೀರ್ಪು ಕೊಟ್ಟದ್ದೂ ಮೂಳೆಯೇ. ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಪಿಲ್ಬೀಮ್ ಅವರದ್ದೇ ತಂಡಕ್ಕೆ ಶಿವಾಪಿಥೆಕಸ್‌ನ ಮುಖ ಸಿಕ್ಕಿತು, 1982ರಲ್ಲಿ ವಿವರ ಪ್ರಕಟವಾಯಿತು. ಕಣ್ಣಿನ ಗುಳಿಗಳು ಮೊಟ್ಟೆಯಾಕಾರ, ಅವುಗಳ ನಡುವೆ ಅಂತರ ಕಿರಿದು, ಮುಖ ಒಳಕ್ಕೆ ಬಾಗಿದ ತಟ್ಟೆಯಂತೆ. ಅಪ್ಪಟ ಒರಾಂಗುಟಾನ್ ಚಹರೆ. ರಾಮಾಪಿಥೆಕಸ್ ಅದೇ ಪ್ರಾಣಿಯ ಸಣ್ಣ ಗಾತ್ರದ, ಪ್ರಾಯಶಃ ಹೆಣ್ಣಿನ ದವಡೆ ಎಂದಾಯಿತು. ಆ ಹೆಸರನ್ನೇ ಕೈಬಿಟ್ಟು ಶಿವಾಪಿಥೆಕಸ್‌ನೊಳಗೆ ಸೇರಿಸಿದರು. ಪಿಲ್ಬೀಮ್ ತಮ್ಮ ಹಿಂದಿನ ಮತವನ್ನು ತಾವೇ ಬಹಿರಂಗವಾಗಿ ಹಿಂತೆಗೆದುಕೊಂಡರು, ಈ ಕ್ಷೇತ್ರದಲ್ಲಿ ಅಪರೂಪದ ನಡೆ. ಕಥೆ ಅಲ್ಲಿಗೂ ಸಲೀಸಾಗಿ ಮುಗಿಯಲಿಲ್ಲ. 1990ರಲ್ಲಿ ಪ್ರಕಟವಾದ ಶಿವಾಪಿಥೆಕಸ್‌ನ ತೋಳಿನ ಮೂಳೆಗಳು ಒರಾಂಗುಟಾನ್ ತೋಳನ್ನು ಹೋಲಲೇ ಇಲ್ಲ. ಮುಖ ಒಂದು ಕಡೆ ಎಳೆದರೆ ತೋಳು ಇನ್ನೊಂದು ಕಡೆ.

ಮೂಳೆಯ ಮಾತು ಸುಳ್ಳೆಂದಲ್ಲ. ಒಂದೇ ಬಗೆಯ ಬದುಕು ಬೇರೆ ಬೇರೆ ವಂಶಗಳಿಗೂ ಒಂದೇ ಬಗೆಯ ಹಲ್ಲು, ದವಡೆ, ಕೈ ಕೊಡಬಲ್ಲದು. ಗಟ್ಟಿ ಕಾಯಿ ಜಗಿಯುವ ಪ್ರಾಣಿಗೆಲ್ಲ ದಪ್ಪ ಎನಾಮೆಲ್ ಬೇಕು. ಗೊರಿಲ್ಲಾ ಮತ್ತು ಚಿಂಪಾಂಜಿ ಎರಡೂ ಬೆರಳ ಗೆಣ್ಣೂರಿ ನಡೆಯುತ್ತವೆ, ಎರಡರ ಮೈಯೂ ಕಪ್ಪು ಕೂದಲಿನದ್ದು. ಆದ್ದರಿಂದ ಅವೆರಡೂ ಒಡಹುಟ್ಟುಗಳು, ಮನುಷ್ಯ ಹೊರಗಿನವ ಎಂದೇ ಬಹುಕಾಲ ನಂಬಿದ್ದರು. 1984ರಲ್ಲಿ ಸಿಬ್ಲಿ ಮತ್ತು ಆಲ್‌ಕ್ವಿಸ್ಟ್ ಡಿಎನ್‌ಎ ಎಳೆಗಳನ್ನು ಬೆರೆಸಿ ನೋಡಿ ಚಿಂಪಾಂಜಿಗೆ ಗೊರಿಲ್ಲಾಕ್ಕಿಂತ ಮನುಷ್ಯನೇ ಹತ್ತಿರ ಎಂದಾಗ ಗದ್ದಲವೆದ್ದಿತು. ಮುಂದಿನ ಬಹುತೇಕ ಪರೀಕ್ಷೆಗಳೂ ಅದನ್ನೇ ಹೇಳಿವೆ.

ಡಿಎನ್‌ಎಯ ಸಾಕ್ಷ್ಯಗಳಲ್ಲಿ ಒಂದು ಮಾತ್ರ ಬಿಡಿಸಿ ನೋಡಲೇಬೇಕಾದ್ದು. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ; ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಒರಾಂಗುಟಾನ್ ಎಲ್ಲಕ್ಕೂ 48. (1956ರಲ್ಲಿ ಸರಿಯಾಗಿ ಎಣಿಸುವವರೆಗೆ ಮನುಷ್ಯನಿಗೂ 48 ಎಂದೇ ಪುಸ್ತಕಗಳು ಬರೆಯುತ್ತಿದ್ದವು.) ಒಂದು ಜೊತೆ ಎಲ್ಲಿ ಹೋಯಿತು? ಕಳೆದುಹೋಗಿದ್ದರೆ ಪ್ರಾಣಿ ಬದುಕುತ್ತಲೇ ಇರಲಿಲ್ಲ. ಉಳಿದ ದಾರಿ ಒಂದೇ: ಎರಡು ವರ್ಣತಂತುಗಳು ಬೆಸೆದುಕೊಂಡಿರಬೇಕು. ಪ್ರತಿ ವರ್ಣತಂತುವಿನ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರ ಮತ್ತೆ ಮತ್ತೆ ಬರುತ್ತದೆ. ಅದು ತುದಿಯಲ್ಲಿರಬೇಕಾದ ಗುರುತು. 1991ರಲ್ಲಿ ಮನುಷ್ಯನ ಎರಡನೇ ವರ್ಣತಂತುವಿನ ಒಡಲಲ್ಲಿ ಅದೇ ಅಕ್ಷರಸಾಲು ಸಿಕ್ಕಿತು, ಅದರ ಮುಂದೆಯೇ ತಿರುಗುಮುರುಗಾಗಿ ಸಿಸಿಸಿಟಿಎಎ. ಎರಡು ತುದಿಗಳು ಮುಖಕ್ಕೆ ಮುಖ ಕೊಟ್ಟು ಅಂಟಿದ ಜಾಗ ಅದು. ಪ್ರತಿ ವರ್ಣತಂತುವಿಗೆ ಒಂದೇ ಇರಬೇಕಾದ ಸೆಂಟ್ರೊಮಿಯರ್ ಎಂಬ ಗಂಟಿಗೂ ಇಲ್ಲಿ ಜೋಡಿಯಿದೆ. ಒಂದು ಕೆಲಸ ಮಾಡುತ್ತದೆ, ಇನ್ನೊಂದರ ಅವಶೇಷ ಮಾತ್ರ ಉಳಿದಿದೆ. ಬೆಸುಗೆಯ ಎರಡು ಕಡೆಯ ಜೀನ್‌ಗಳು ಚಿಂಪಾಂಜಿಯ ಎರಡು ಬೇರೆ ವರ್ಣತಂತುಗಳಲ್ಲಿ ಅದೇ ಕ್ರಮದಲ್ಲಿ ಸಾಲಾಗಿ ಕೂತಿವೆ. ಮಂಗ ಮನುಷ್ಯನಾದದ್ದನ್ನು ಯಾರೂ ಬರೆದಿಟ್ಟಿಲ್ಲ ಎನ್ನುವವರಿಗೆ ಈ ಬರಹ ತೋರಿಸಬಹುದು.

ಬಾಲದ ವಿಚಾರವೂ ಹೀಗೇ ಬಗೆಹರಿಯುತ್ತಿದೆ. ಟಿಬಿಎಕ್ಸ್‌ಟಿ ಎಂಬ ಜೀನಿನೊಳಗೆ ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ ಸಣ್ಣ ಡಿಎನ್‌ಎ ತುಣುಕೊಂದು ನುಸುಳಿಕೊಂಡಿತು. ಅದು ಎಲ್ಲ ವಾನರಗಳಲ್ಲೂ ನಮ್ಮಲ್ಲೂ ಇದೆ, ಬಾಲವಿರುವ ಮಂಗಗಳಲ್ಲಿಲ್ಲ. ಇಲಿಗಳಲ್ಲಿ ಅದೇ ಪರಿಣಾಮ ಉಂಟುಮಾಡಿದಾಗ ಮೋಟುಬಾಲದ, ಬಾಲವೇ ಇಲ್ಲದ ಮರಿಗಳು ಹುಟ್ಟಿದವೆಂದು 2024ರಲ್ಲಿ ವರದಿಯಾಯಿತು.

ಇವೆಲ್ಲಕ್ಕಿಂತ ಮೋಜಿನ ಸಾಕ್ಷಿ ಹೇನು. ತಲೆಯ ಹೇನು ಒಂದು ಜಾತಿಯ ಮೈಬಿಟ್ಟು ಇನ್ನೊಂದರ ಮೇಲೆ ಬಾಳದು, ಹಾಗಾಗಿ ಒಡೆಯನ ವಂಶ ಕವಲೊಡೆದರೆ ಹೇನಿನ ವಂಶವೂ ಒಡೆಯುತ್ತದೆ. ಮನುಷ್ಯನ ತಲೆಹೇನು ಮತ್ತು ಚಿಂಪಾಂಜಿಯ ಹೇನು ಬೇರೆಯಾಗಿ ಸುಮಾರು 60 ಲಕ್ಷ ವರ್ಷ ಎಂದು ಅವುಗಳ ಡಿಎನ್‌ಎ ಹೇಳುತ್ತದೆ. ಮೊಲದ ರಕ್ತದ ಲೆಕ್ಕಕ್ಕೂ ಇದಕ್ಕೂ ಅಜಗಜಾಂತರವೇನಿಲ್ಲ. ಮನುಷ್ಯನ ಗುಪ್ತಾಂಗದ ಹೇನಿನ ಹತ್ತಿರದ ನೆಂಟ ಮಾತ್ರ ಗೊರಿಲ್ಲಾದ ಮೈಮೇಲಿದೆ; ಅವು ಅಗಲಿದ್ದು ಸುಮಾರು 30-40 ಲಕ್ಷ ವರ್ಷಗಳ ಹಿಂದೆ. ನಮ್ಮ ಪೂರ್ವಜರು ಗೊರಿಲ್ಲಾ ಮಲಗಿದ ಜಾಗದಲ್ಲಿ ಮಲಗಿ ಅಂಟಿಸಿಕೊಂಡಿರಬೇಕು ಎಂದು ಸಂಶೋಧಕರು ಮರ್ಯಾದೆಯ ವಿವರಣೆ ಕೊಟ್ಟಿದ್ದಾರೆ.

ಹೇನಷ್ಟೇ ಅಲ್ಲ, ರೋಗಗಳೂ ಈ ಸಂಬಂಧದ ದಾರಿಯಲ್ಲೇ ಬರುತ್ತವೆ. ಏಡ್ಸ್‌ನ ಎಚ್‌ಐವಿ-1 ವೈರಸ್ಸಿನ ಮೂಲ ಕ್ಯಾಮರೂನಿನ ಆಗ್ನೇಯ ಭಾಗದ ಚಿಂಪಾಂಜಿಗಳಲ್ಲಿದೆ. ಶಿವಮೊಗ್ಗ ಸೀಮೆಯವರಿಗೆ 1957ರಿಂದಲೂ ಗೊತ್ತಿರುವ ಮಂಗನ ಕಾಯಿಲೆಯಲ್ಲಿ ಕಾಡಿನ ಕೋತಿ, ಮುಸುವಗಳು ಉಣ್ಣೆ ಕಚ್ಚಿ ಸಾಯತೊಡಗಿದವೆಂದರೆ ಊರಿನವರು ಎಚ್ಚರಾಗಬೇಕು. ದೂರದ ನೆಂಟರಾದರೂ ಒಂದೇ ವೈರಸ್ಸಿಗೆ ಇಬ್ಬರೂ ಬೀಳುತ್ತೇವೆ.

ಇಷ್ಟಾದ ಮೇಲೂ ‘ಮನುಷ್ಯ ಶೇಕಡಾ 99 ಚಿಂಪಾಂಜಿ’ ಎಂಬ ಮಾತನ್ನು ತುಸು ಹುಷಾರಾಗಿ ಆಡುವುದು ಒಳ್ಳೆಯದು. 2005ರಲ್ಲಿ ಚಿಂಪಾಂಜಿಯ ಜೀನೋಮ್ ಓದಿದಾಗ ಸಾಲಿಗೆ ಸಾಲು ಜೋಡಿಸಬಹುದಾದ ಕಡೆಗಳಲ್ಲಿ ಅಕ್ಷರವ್ಯತ್ಯಾಸ ಶೇ. 1.23 ಇತ್ತು. ಅಂದರೆ ಸುಮಾರು 3.5 ಕೋಟಿ ಅಕ್ಷರ. ಸೇರ್ಪಡೆ, ಅಳಿಕೆಗಳನ್ನು ಕೂಡಿದರೆ ಅದು ಶೇ. 4ರ ಹತ್ತಿರ ಹೋಗುತ್ತದೆ. 2025ರಲ್ಲಿ ಬಂದ ಪೂರ್ಣ ಜೀನೋಮ್‌ಗಳಲ್ಲಿ ಜೋಡಿಸಲಾಗದ ಭಾಗಗಳನ್ನೂ ಲೆಕ್ಕಕ್ಕೆ ಹಿಡಿದರೆ ಶೇ. 10 ದಾಟುತ್ತದೆ. ಮೂರೂ ಸರಿಯೇ, ಅಳೆದದ್ದು ಬೇರೆ ಬೇರೆ. ಇದನ್ನು ಹಿಡಿದು ಸಂಬಂಧವೇ ಸುಳ್ಳೆಂದು ಕುಣಿಯುವವರೂ ಇದ್ದಾರೆ. ಗೊರಿಲ್ಲಾಕ್ಕೂ ಚಿಂಪಾಂಜಿಗೂ ಅದೇ ಅಳತೆಗೋಲು ಹಿಡಿದರೆ ಅವೆರಡರ ಅಂತರವೂ ಅಷ್ಟೇ ಬೆಳೆಯುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ಇನ್ನೊಂದು ಸೋಜಿಗ 2012ರ ಗೊರಿಲ್ಲಾ ಜೀನೋಮ್‌ನದ್ದು. ನಮ್ಮ ಜೀನೋಮ್‌ನ ಸುಮಾರು ಶೇ. 30 ಭಾಗದಲ್ಲಿ ಗೊರಿಲ್ಲಾ ಒಂದೋ ಮನುಷ್ಯನಿಗೆ, ಇಲ್ಲವೇ ಚಿಂಪಾಂಜಿಗೆ, ಅವರಿಬ್ಬರ ಪರಸ್ಪರ ನಂಟಿಗಿಂತ ಹತ್ತಿರ. ಮೂರು ವಂಶಗಳು ಗೆರೆ ಎಳೆದಂತೆ ಬೇರಾಗಿರಲಿಲ್ಲ.

ನಡವಳಿಕೆಯಲ್ಲಿನ ಹೋಲಿಕೆ ಎಲ್ಲರಿಗೂ ಗೊತ್ತಿರುವಂಥದ್ದು. 1960ರಲ್ಲಿ ಟಾಂಜಾನಿಯದ ಗೊಂಬೆ ಕಾಡಿನಲ್ಲಿ ಗೆದ್ದಲ ಹುತ್ತಕ್ಕೆ ಹುಲ್ಲುಕಡ್ಡಿ ತೂರಿಸಿ ಗೆದ್ದಲು ನೆಕ್ಕುತ್ತಿದ್ದ ಚಿಂಪಾಂಜಿಯನ್ನು ಜೇನ್ ಗುಡಾಲ್ ಕಂಡರು. ಹತ್ಯಾರ ಬಳಸುವುದು ಮನುಷ್ಯನ ಸ್ವತ್ತೆಂಬ ಜಂಬ ಅಂದಿಗೆ ಮುಗಿಯಿತು. 1970ರ ದಶಕದಲ್ಲಿ ಅದೇ ಕಾಡಿನ ಎರಡು ಗುಂಪುಗಳು ವರ್ಷಗಟ್ಟಲೆ ಕಾದಾಡಿದ್ದನ್ನೂ ಅವರು ದಾಖಲಿಸಿದರು.

ಉಳಿದಿರುವ ದೊಡ್ಡ ಜಗಳ ಆ ಸಮಾನ ಪೂರ್ವಜನ ಸ್ವರೂಪದ್ದು. ಕಳಚಿದ ಕೊಂಡಿಯ ಹುಡುಕಾಟದ ರುಚಿಯನ್ನು ಕನ್ನಡ ಓದುಗರಿಗೆ ಹತ್ತಿಸಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’. ಅದಾದ ಮೇಲೆ ಸಿಕ್ಕ ಕೊಂಡಿಗಳು ಕಡಿಮೆಯೇನಿಲ್ಲ. 1974ರಲ್ಲಿ ಸಿಕ್ಕ 32 ಲಕ್ಷ ವರ್ಷದ ಪಳೆಯುಳಿಕೆ ಲೂಸಿ ಈಗ ಹಳಬಳಾಗಿದ್ದಾಳೆ. ಇಥಿಯೋಪಿಯದ 44 ಲಕ್ಷ ವರ್ಷದ ‘ಆರ್ಡಿ’ಯ ಪೂರ್ಣ ವಿವರ 2009ರಲ್ಲಿ ಬಂದಾಗ ಅನೇಕರು ಕಕ್ಕಾಬಿಕ್ಕಿಯಾದರು: ಸೊಂಟ ಎರಡು ಕಾಲಿನ ನಡಿಗೆಗೆ ಹದಗೊಂಡಿದೆ, ಕಾಲಿನ ಹೆಬ್ಬೆರಳು ಮಾತ್ರ ಕೊಂಬೆ ಹಿಡಿಯುವಂತೆ ಹೊರಚಾಚಿದೆ, ಗೆಣ್ಣೂರಿ ನಡೆದ ಗುರುತು ಕೈಯಲ್ಲಿಲ್ಲ. ಪೂರ್ವಜ ಚಿಂಪಾಂಜಿಯಂತೆಯೇ ಇದ್ದಿರಬೇಕು ಎಂಬ ಹಳೆಯ ಊಹೆಗೆ ಇದು ಪೆಟ್ಟು. ಚಿಂಪಾಂಜಿಯೂ ಈ 60-70 ಲಕ್ಷ ವರ್ಷ ನಿಂತಲ್ಲೇ ನಿಂತಿರಲಿಲ್ಲ ತಾನೇ? ಅದರ ಹಳೆಯ ರೂಪ ನೋಡೋಣವೆಂದರೆ ಪಳೆಯುಳಿಕೆಯ ಬರ. ಮಳೆಕಾಡಿನ ಆಮ್ಲೀಯ ಮಣ್ಣು ಮೂಳೆಯನ್ನು ಕರಗಿಸಿಬಿಡುತ್ತದೆ. ಕೀನ್ಯಾದಲ್ಲಿ ಸಿಕ್ಕ, ಐದು ಲಕ್ಷ ವರ್ಷಕ್ಕೆ ಸ್ವಲ್ಪ ಮೇಲ್ಪಟ್ಟ ಕೆಲವೇ ಹಲ್ಲುಗಳು 2005ರಲ್ಲಿ ಪ್ರಕಟವಾದವು. ಚಿಂಪಾಂಜಿಯದ್ದೆಂದು ಗುರುತಿಸಿದ ಮೊದಲ ಪಳೆಯುಳಿಕೆ ಅದು.

ಕವಲಿನ ಬುಡಕ್ಕೆ ಹತ್ತಿರವಿರುವುದು ಚಾಡ್ ದೇಶದ ಮರುಭೂಮಿಯಲ್ಲಿ 2001ರಲ್ಲಿ ಸಿಕ್ಕ ಟೌಮಾಯ್, ಸುಮಾರು 70 ಲಕ್ಷ ವರ್ಷದ ಬುರುಡೆ. ಅದೇ ಜಾಗದಲ್ಲಿ ಒಂದು ತೊಡೆಮೂಳೆಯೂ ಸಿಕ್ಕಿತ್ತು. ಪ್ರಾಣಿಮೂಳೆಗಳ ರಾಶಿಯಲ್ಲಿದ್ದ ಅದನ್ನು 2004ರಲ್ಲಿ ಗುರುತಿಸಿದರೂ ಪ್ರಕಟಣೆ ವರ್ಷಗಳ ಕಾಲ ನೆನೆಗುದಿಗೆ ಬಿತ್ತು. 2020ರಲ್ಲಿ ಒಂದು ತಂಡ ಇದು ಎರಡು ಕಾಲಿನಲ್ಲಿ ನಡೆದ ಪ್ರಾಣಿಯ ಮೂಳೆಯಲ್ಲ ಎಂದಿತು. 2022ರಲ್ಲಿ ಇನ್ನೊಂದು ತಂಡ ಅದೇ ಮೂಳೆಯ ಜೊತೆ ಎರಡು ಮುಂಗೈ ಮೂಳೆಗಳನ್ನೂ ಪರಿಶೀಲಿಸಿ, ನೆಲದ ಮೇಲೆ ಎರಡು ಕಾಲಿನಲ್ಲಿ ನಡೆಯುತ್ತಿತ್ತು, ಮರವನ್ನೂ ಹತ್ತುತ್ತಿತ್ತು ಎಂದಿತು. ತೊಡೆಮೂಳೆಯ ಎರಡು ತುದಿಗಳೂ ಮುರಿದುಹೋಗಿವೆ, ಸೊಂಟ ಮತ್ತು ಮಂಡಿಗೆ ಸೇರುವ ಭಾಗಗಳೇ ಇಲ್ಲ. ಇಷ್ಟು ಹಳೆಯದಾದ ಮೂಳೆಯಲ್ಲಿ ಮೊಲದ ರಕ್ತಕ್ಕೆ ಬೆರೆಸುವ ಪ್ರೋಟೀನೂ ಉಳಿದಿಲ್ಲ, ಓದಲು ಡಿಎನ್‌ಎಯೂ ಇಲ್ಲ. ಟೌಮಾಯ್ ವಿಷಯದಲ್ಲಿ ತೀರ್ಪು ಮತ್ತೆ ಆಕಾರ ನೋಡಿಯೇ ಆಗಬೇಕು.